ವರ್ಜಿನಿಯಾಕ್ಕೆ ಬುತ್ತಿ ಇಲ್ಲ

ಕುವೈತಿನ ಮಂಗಫಿನ ಆ ಕಟ್ಟಡದಲ್ಲಿ ನೀಲವ್ವನ ಮನೆ ಹುಡುಕಲು ಬಾಗಿಲಿನ ನಂಬರು ಬೇಕಾಗಿರಲಿಲ್ಲ. ಸಂಜೆಯಾದರೆ ನಾಲ್ಕನೆಯ ಮಹಡಿಯಿಂದ ಪಟಪಟ ಸದ್ದು ಕೇಳುತ್ತಿತ್ತು. ಅದನ್ನೇ ಹಿಡಿದು ಮೆಟ್ಟಿಲು ಹತ್ತಿದರೆ ಆಯಿತು. ಜೋಳದ ರೊಟ್ಟಿ ಬಡಿಯುವ ಸದ್ದು ಅದು. ಕೆಳಗಿನ ಮನೆಯ ಈಜಿಪ್ಟಿನವನು ಮೊದಮೊದಲು ಪೊರಕೆಯ ಹಿಡಿಯಿಂದ ತನ್ನ ಸೂರನ್ನು ಕುಟ್ಟಿ ತಕರಾರು ತೆಗೆದ. ನೀಲವ್ವ ಯಾರೋ ತಾಳ ಹಾಕುತ್ತಿದ್ದಾರೆಂಬಂತೆ ಬಡಿಯುತ್ತಲೇ ಹೋದಳು. ಮುಂದೆ ಅವನ ಹೆಂಡತಿ ಬಂದು ಒಂದು ರೊಟ್ಟಿ ಕೇಳಿಕೊಂಡು ಹೋದ ಮೇಲೆ ಪೊರಕೆ ಸುಮ್ಮನಾಯಿತು.

ಅವಳು ನಿಪ್ಪಾಣಿ ಕಡೆಯ ಹಳ್ಳಿಯವಳು. ಏಳನೆಯ ಇಯತ್ತೆ ಮುಗಿಸಿ ತಂಬಾಕಿನ ವಖಾರಿಗೆ ಕೆಲಸಕ್ಕೆ ಹೋದಳು. ಮೂಗಿಗೆ ಸೀರೆಯ ಸೆರಗು ಕಟ್ಟಿಕೊಂಡು ದಿನವಿಡೀ ಬೀಡಿ ತಂಬಾಕು ಜರಡಿ ಹಿಡಿಯುವುದು ಅಲ್ಲಿಯ ಹೆಂಗಸರ ಪಾಡು. ತಾಯಿ ತೀರಿಕೊಂಡಾಗ ತಮ್ಮ ಶರಣು ಇನ್ನೂ ನೆಟ್ಟಗೆ ನಡೆಯುತ್ತಿರಲಿಲ್ಲ. ಅವನನ್ನು ವಖಾರಿಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಕೂರಿಸಿಕೊಂಡೇ ಅವಳು ಕೆಲಸ ಮಾಡಿದಳು. ಮದುವೆಯಾಗುವಾಗ ಗಂಡನಿಗೆ ಹಾಕಿದ ಷರತ್ತು ಒಂದೇ, ತಮ್ಮನೂ ಜೊತೆಗೆ ಬರುತ್ತಾನೆ ಎಂಬುದು. ಗಂಡ ಬಾಳಪ್ಪ ಜಗಳಕ್ಕೆ ಹೋಗುವ ಜಾತಿಯವನಲ್ಲ. ರಿಫೈನರಿಯಲ್ಲಿ ಟೆಕ್ನಿಶಿಯನ್ ಆಗಿ ಕುವೈತಿಗೆ ಬಂದವನು, ತೊಂಬತ್ತನಾಲ್ಕರಲ್ಲಿ ಅವಳನ್ನು ಕರೆಸಿಕೊಂಡ. ಆರು ವರ್ಷ ಬಿಟ್ಟು ಶರಣುವಿಗೂ ವೀಸಾ ಹೊಂದಿಸಿದ. ಶರಣು ಅರ್ದಿಯಾದ ಒಂದು ವರ್ಕ್‌ಶಾಪಿನಲ್ಲಿ ಇಲೆಕ್ಟ್ರಿಶಿಯನ್ ಆದ.

ಖಾನಾವಳಿ ಯಾರೂ ಯೋಚಿಸಿ ತೆರೆದದ್ದಲ್ಲ. ಬಾಳಪ್ಪ ಒಮ್ಮೆ ಜೊತೆಯ ಕೆಲಸಗಾರನೊಬ್ಬನನ್ನು ಊಟಕ್ಕೆ ಕರೆತಂದ. ಅವನು ಮರುದಿನ ಇನ್ನೊಬ್ಬನನ್ನು ಕರೆತಂದ. ವರ್ಷ ಕಳೆಯುವುದರೊಳಗೆ ವಿಜಾಪುರ, ಗೋಕಾಕ, ಮುಧೋಳದ ಒಂಟಿ ಗಂಡಸರು ಹತ್ತು ಹನ್ನೆರಡು ಜನ ತಿಂಗಳ ಲೆಕ್ಕದ ಮೇಲೆ ಅಲ್ಲೇ ಉಣ್ಣತೊಡಗಿದ್ದರು. ಕಾರ್ಕಳದ ಭೋಜನೊಬ್ಬ ಮಾತ್ರ ಅನ್ನ ತಿನ್ನುವ ಸೀಮೆಯವನು. ಅವನೂ ರೊಟ್ಟಿ ರೂಢಿ ಮಾಡಿಕೊಂಡ. ಗಂಡನ ಆಸರೆಯ ವೀಸಾದಲ್ಲಿರುವ ಹೆಂಗಸು ಹೀಗೆ ಖಾನಾವಳಿ ನಡೆಸುವುದು ಕಾನೂನಿಗೆ ಒಪ್ಪುವ ಕೆಲಸವಲ್ಲ. ಎಲ್ಲರಿಗೂ ಅದು ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಕಟ್ಟಡದ ಕಾವಲುಗಾರ ಹಾರಿಸನಿಗೂ ದಿನಾ ಒಂದು ತಾಟು ಹೋಗುತ್ತಿತ್ತು.

ಆ ಖಾನಾವಳಿಗೆ ಒಂದು ಕಟ್ಟಳೆ ಇತ್ತು. ಅದು ಊರಿನಿಂದಲೇ ಬಂದದ್ದು. ಯಾರೇ ದೂರದ ಹಾದಿ ಹಿಡಿಯಲಿ, ರಜೆಗೆ ಊರಿಗೆ ಹೋಗಲಿ, ಮರುಭೂಮಿಯ ಯಾವುದೋ ಸೈಟಿಗೆ ಹೋಗಲಿ, ನೀಲವ್ವನ ಕೈಯಿಂದ ಬುತ್ತಿ ಕಟ್ಟಿಸಿಕೊಳ್ಳದೆ ಹೊಸ್ತಿಲು ದಾಟಬಾರದು. ಬಿಳಿ ಬಟ್ಟೆಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಚಟ್ನಿ, ಎರಡು ಉಳ್ಳಾಗಡ್ಡಿ. ಅದನ್ನು ಅವಳೇ ಗಂಟು ಹಾಕಿ ಹೊಸ್ತಿಲ ಒಳಗಿನಿಂದ ಕೊಡಬೇಕು, ಹೋಗುವವನು ಹೊರಗೆ ನಿಂತು ತೆಗೆದುಕೊಳ್ಳಬೇಕು. ಅವಳ ಸೀಮೆಯಲ್ಲಿ ಬುತ್ತಿಯಿಲ್ಲದೆ ಮನೆ ಬಿಡುವವರು ಇಬ್ಬರೇ. ಒಬ್ಬ ಸಿಟ್ಟಾಗಿ ಸಂಬಂಧ ಹರಿದುಕೊಂಡು ಹೋಗುವವನು, ಇನ್ನೊಬ್ಬ ನಾಲ್ವರ ಹೆಗಲ ಮೇಲೆ ಹೋಗುವವನು. ವಿಮಾನದಲ್ಲಿ ಬಿಸಿ ಊಟ ಕೊಡುತ್ತಾರೆಂದು ಗೊತ್ತಿದ್ದ ಗಂಡಸರೂ ಈ ಗಂಟನ್ನು ಬಗಲಲ್ಲಿಟ್ಟುಕೊಂಡೇ ಏರ್‌ಪೋರ್ಟಿಗೆ ಹೋಗುತ್ತಿದ್ದರು. ಗೋಕಾಕದವನೊಬ್ಬ ಅವಸರದಲ್ಲಿ ಬುತ್ತಿ ಮರೆತು ಹೊರಟಿದ್ದ. ಪಾಸ್‌ಪೋರ್ಟಿನಲ್ಲಿ ಏನೋ ತೊಡಕೆಂದು ಅವನನ್ನು ಏರ್‌ಪೋರ್ಟಿನಿಂದ ಹಿಂದಕ್ಕೆ ಕಳಿಸಿದರು. ಆಮೇಲೆ ಯಾರೂ ಮರೆಯಲಿಲ್ಲ.

ಇರಾಕಿನ ಯುದ್ಧ ಶುರುವಾದ ಮರುವರ್ಷ, ಎರಡು ಸಾವಿರದ ನಾಲ್ಕರಲ್ಲಿ, ಊಟಕ್ಕೆ ಕೂತ ಗಂಡಸರ ಬಾಯಲ್ಲಿ ವರ್ಜಿನಿಯಾ ಎಂಬ ಹೆಸರು ಹೊರಳಾಡತೊಡಗಿತು. ಬಳ್ಳಾರಿಯ ಲಕ್ಷ್ಮೀನರಸಿಂಹ ಎಂಬುವನು ಒಂದು ಕಂಪನಿಗೆ ಆಳು ಒದಗಿಸುವ ಏಜೆಂಟ್. ವರ್ಜಿನಿಯಾಕ್ಕೆ ಇಲೆಕ್ಟ್ರಿಶಿಯನ್, ಪ್ಲಂಬರ್, ಅಡಿಗೆಯವರು ಬೇಕಾಗಿದ್ದಾರೆ, ಸಂಬಳ ಇಮ್ಮಡಿ ಎಂದು ಅವನು ಹಬ್ಬಿಸಿದ್ದ.

ನೀಲವ್ವನಿಗೆ ಆ ಹೆಸರು ಹೊಸದಲ್ಲ. ವಖಾರಿಯ ಕಾಲದಲ್ಲಿ ವರ್ಜಿನಿಯಾ ಅಂದರೆ ಸಿಗರೇಟಿನ ತಂಬಾಕು. ಮೈಸೂರು ಸೀಮೆಯಲ್ಲಿ ಬೆಳೆಯುವ, ಸಾಹೇಬರು ಸೇದುವ, ತಮ್ಮ ಕೈಗೆ ಎಂದೂ ತಾಗದ ಬಂಗಾರ ಬಣ್ಣದ ಎಲೆ. ಮಾಲಕನ ಸೊಸೆ ಬೆಳ್ಳಗಿದ್ದಳು, ಒಂದು ಕಡ್ಡಿ ಎತ್ತಿ ಅತ್ತ ಇಡುತ್ತಿರಲಿಲ್ಲ. ಅವಳು ಬಂದರೆ ಜರಡಿಯ ಹೆಂಗಸರು “ಬಂತು ನೋಡ್ರೆವ್ವಾ ವರ್ಜಿನಿಯಾ” ಎಂದು ಸೆರಗಿನೊಳಗೆ ನಗುತ್ತಿದ್ದರು. ಹಾಗಾಗಿ ನೀಲವ್ವನ ಮಟ್ಟಿಗೆ ಅದು ಬೇರೆಯವರ ಸುಖದ ಹೆಸರು.

ಮಗಳು ಸ್ವಪ್ನಾಳನ್ನು ಕೇಳಿದಳು. ಹುಡುಗಿ ಪುಸ್ತಕದಿಂದ ತಲೆ ಎತ್ತದೆ, “ಇಟ್ಸ್ ಎ ಸ್ಟೇಟ್, ಮಮ್ಮಿ. ಇನ್ ಅಮೆರಿಕಾ,” ಅಂದಳು.

ಎದುರು ಮನೆಯ ನರ್ಸ್ ಇನೆಜ್ ಬಾಯಿ ನಕ್ಕುಬಿಟ್ಟಳು. “ಎಂತ ನೀಲಕ್ಕ, ಅದು ನನ್ನ ಅಮ್ಮನ ಹೆಸರು! ಮರಿಯಮ್ಮನ ಮೇಲೆ ಇಟ್ಟದ್ದು. ಊರಲ್ಲಿ ವರ್ಜಿನ್‌ಬಾಯಿ ಅಂತ ಕರೀತಾರೆ. ಅವಳು ಸಂಬಳ ಕೊಡ್ತಾಳಂತಾ? ಹಾಗಾದ್ರೆ ನನಗೂ ಹೇಳಿ.”

ಬಾಳಪ್ಪ ಮಾತ್ರ ನೆಟ್ಟಗೆ ಉತ್ತರ ಕೊಟ್ಟ. “ಅಮೆರಿಕಾದ ಮಿಲಿಟರಿ ಕ್ಯಾಂಪ್ ಅದು. ಇಲ್ಲೇ ಕುವೈತಿನ ಉಸುಕಿನ್ಯಾಗ ಐತಿ. ತಮ್ಮ ಊರ ಹೆಸರ ಇಟ್ಕೊಂಡಾರ, ನೆನಪಿಗಿರಲಿ ಅಂತ. ತಂತಿ ಬೇಲಿ, ಟೆಂಟು, ಮತ್ತೇನಿಲ್ಲ.”

ಇಲ್ಲೇ ಇರುವುದಾದರೆ ಚಿಂತೆಯೇನು? ಶರಣು ಹೆಸರು ಕೊಟ್ಟಿದ್ದಾನೆಂದು ತಿಳಿದಾಗಲೂ ಅವಳು ಬೇಡ ಅನ್ನಲಿಲ್ಲ. ಅವನ ಜೊತೆ ಖಾನಾವಳಿಯ ಇನ್ನೂ ಮೂವರು ಹೊರಟಿದ್ದರು. ಭೋಜ, ವಿಜಾಪುರದವನೊಬ್ಬ, ಮುಧೋಳದವನೊಬ್ಬ.

ಹೊರಡಲು ಒಂದು ವಾರವಿರುವಾಗ ಲಕ್ಷ್ಮೀನರಸಿಂಹನೇ ಊಟಕ್ಕೆ ಬಂದ. ಎರಡು ಸಲ ಪುಂಡಿಪಲ್ಯ ಹಾಕಿಸಿಕೊಂಡು ಹೊಗಳಿದ. ಕೈ ತೊಳೆಯುತ್ತ ಅಂದ: “ಅಮ್ಮಾವ್ರೇ, ನಿಮ್ ಬುತ್ತಿ ಇಲ್ದೆ ಈ ಹುಡುಗ್ರು ಬಸ್ಸೇ ಹತ್ತೋದಿಲ್ವಂತೆ. ಕಟ್ಟಿಕೊಡಿ. ಆದ್ರೆ ನಾಕು ದಿನ ಕೆಡದಂಗಿರ್ಲಿ. ಮೊಸರು ಗಿಸರು ಬೇಡ, ಕಟಕ ರೊಟ್ಟಿ ಜಾಸ್ತಿ ಹಾಕಿ.”

ಆ ಕ್ಷಣದಲ್ಲಿ ನೀಲವ್ವ ಹೂಂ ಅಂದಳು. ಪಾತ್ರೆ ಬೆಳಗುವಾಗ ಆ ಮಾತು ಅವಳನ್ನು ಕುಟುಕಿತು. ಅವಳಿಗೆ ನಕಾಶೆ ಓದಲು ಬರುತ್ತಿರಲಿಲ್ಲ. ಆದರೆ ಎಷ್ಟು ದಾರಿಗೆ ಎಷ್ಟು ಬುತ್ತಿ ಎಂಬುದು ಅವಳ ಸೀಮೆಯ ಯಾವ ಹೆಂಗಸಿಗೂ ಹೇಳಿಕೊಡಬೇಕಾದ್ದಲ್ಲ. ಕುವೈತನ್ನು ಈ ತುದಿಯಿಂದ ಆ ತುದಿಗೆ ದಾಟಿದರೂ ಮಧ್ಯಾಹ್ನದೊಳಗೆ ಮುಗಿಯುತ್ತದೆ. ನಾಲ್ಕು ದಿನದ ಬುತ್ತಿ ಯಾವ ಹಾದಿಗೆ?

ಮರುದಿನ ಕಿರಾಣಿ ತರಲು ಸೈದುವಿನ ಬಕಾಲಕ್ಕೆ ಹೋದಳು. ಸೈದು ಉಳ್ಳಾಲ ಕಡೆಯ ಬ್ಯಾರಿ. ಅವಳಿಗಾಗಿಯೇ ಜೋಳದ ಹಿಟ್ಟು ತರಿಸುತ್ತಿದ್ದವನು.

“ಸೈದುಭಾಯಿ, ಈ ವರ್ಜಿನಿಯಾ ಎಷ್ಟ ದೂರ ಐತಿ?”

“ಕ್ಯಾಂಪಾ? ಸಾಲ್ಮಿ ರೋಡಲ್ಲಿ ಒಂದೂವರೆ ಗಂಟೆ. ಯಾಕೆ?”

“ನನ್ನ ತಮ್ಮಗ ನಾಕ ದಿನದ ಬುತ್ತಿ ಬೇಕಂತ.”

ಸೈದು ತೂಗುತ್ತಿದ್ದ ಬೇಳೆಯನ್ನು ಹಾಗೇ ಬಿಟ್ಟ. “ನಿಮಗೆ ಗೊತ್ತಿಲ್ವಾ ನೀಲಕ್ಕ? ಹುಡುಗರು ಈಗ ವರ್ಜಿನಿಯಾ ಅಂತ ಇರಾಕಿಗೇ ಹೇಳುದು. ಕ್ಯಾಂಪಲ್ಲಿ ಒಂದು ರಾತ್ರಿ ನಿಲ್ಲಿಸ್ತಾರೆ. ಬೆಳಿಗ್ಗೆ ಮಿಲಿಟರಿ ಗಾಡಿಗಳ ಮಧ್ಯೆ ಸೇರಿಸಿ, ಕಾಗದಪತ್ರ ಇಲ್ಲದೆ ಬಾರ್ಡರ್ ದಾಟಿಸ್ತಾರೆ. ನನ್ನ ಅಳಿಯ ಶಫೀಕ್ ಅಲ್ಲಿಗೆ ನೀರಿನ ಟ್ಯಾಂಕರ್ ತಕೊಂಡು ಹೋಗ್ತಾನಲ್ಲ, ಕಣ್ಣಾರೆ ನೋಡಿದ್ದಾನೆ.”

“ಮೊದಲ ಯಾಕ ಹೇಳಲಿಲ್ಲ?”

“ನಿಮಗೆ ಗೊತ್ತುಂಟು ಅಂತ ಗ್ರಹಿಸಿದೆ. ಹೋಗುವವರಿಗೆಲ್ಲ ಗೊತ್ತುಂಟಲ್ಲ!”

ಹಿಟ್ಟಿನ ಚೀಲ ಹೊತ್ತುಕೊಂಡು ಮೆಟ್ಟಿಲು ಹತ್ತುವಾಗ ಅವಳಿಗೆ ಏಜೆಂಟನ ಮೇಲೆ ಸಿಟ್ಟು ಬರಲಿಲ್ಲ. ಆಳು ಮಾರುವುದು ಅವನ ಕಸುಬು. ಹೋಗುವವರಿಗೆಲ್ಲ ಗೊತ್ತುಂಟು ಎಂಬ ಮಾತೇ ಎದೆಯಲ್ಲಿ ಕೂತಿತ್ತು.

ಶುಕ್ರವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಬಸ್ಸು ಮರುದಿನ ಬೆಳಿಗ್ಗೆ. ನೀಲವ್ವ ಬಡಿಸುತ್ತ ಬಡಿಸುತ್ತ ಶರಣುವಿನ ಮುಂದೆ ನಿಂತಳು.

“ತಮ್ಮಾ, ವರ್ಜಿನಿಯಾ ಎಲ್ಲೈತಿ?”

“ಸಾಲ್ಮಿ ರೋಡಿಗೆ.”

“ಅದರ ಆಚೆ?”

ಶರಣು ರೊಟ್ಟಿಯ ಚೂರನ್ನು ಪಲ್ಯದಲ್ಲಿ ಹೊರಳಿಸುತ್ತ ಕೂತ. ಮುಧೋಳದವನು ನೀರು ಕುಡಿಯತೊಡಗಿದ. ಭೋಜನೇ ಹಗುರ ಮಾಡಲು ನೋಡಿದ. “ಅಕ್ಕ, ಅಮೆರಿಕದವರು ಇದ್ದಲ್ಲೆಲ್ಲ ವರ್ಜಿನಿಯಾವೇ. ಈಚೆ ಒಂದು, ಆಚೆ ಒಂದು. ಒಳಗೆ ಏಸಿ ಉಂಟಂತೆ, ಐಸ್‌ಕ್ರೀಮು ಉಂಟಂತೆ.”

“ಹೊರಗ ಏನೈತಿ?”

“ಹೊರಗೆ ನಾವು ಹೋಗುದಿಲ್ಲ.”

“ಟಿವಿ ನಾನೂ ನೋಡ್ತೀನಿ ಭೋಜ. ಗಾಡಿ ಸುಡೋದು ಹಾದಿ ಮ್ಯಾಲ, ಏಸಿ ಒಳಗಲ್ಲ,” ಅಂದು ಅವಳು ಮತ್ತೆ ತಮ್ಮನ ಕಡೆ ತಿರುಗಿದಳು. “ನಿನಗ ಮೊದಲ ಗೊತ್ತಿತ್ತೋ ಇಲ್ಲೋ?”

“ಗೊತ್ತಿತ್ತು,” ಶರಣು ತಾಟು ಸರಿಸಿದ. “ಇರಾಕ್ ಅಂದಿದ್ರ ನೀ ಬಿಡತಿದ್ದಿಲ್ಲ. ಅದಕ್ಕ ವರ್ಜಿನಿಯಾ ಅಂದ್ವಿ. ನನಗ ಇಪ್ಪತ್ತೆಂಟ ವರ್ಷ ಅಕ್ಕಾ. ಈ ಊರಾಗ ನನ್ನ ಹೆಸರ ಯಾರಿಗೂ ಗೊತ್ತಿಲ್ಲ. ನೀಲಕ್ಕನ ತಮ್ಮ, ನೀಲಕ್ಕನ ತಮ್ಮ. ವೀಸಾ ನಿನ್ನ ಗಂಡಂದು, ಕೂಳು ನಿಂದು. ಒಂದ ಸಲ ನನ್ನ ಕಾಲ ಮ್ಯಾಲ ನಾ ಹೋಗಬಾರದೇನು?”

“ಹೋಗು. ನಿನ್ನ ಕಾಲು, ನಾ ಕಟ್ಟಿಹಾಕಂಗಿಲ್ಲ. ಆದ್ರ ಹಾದಿ ಹೆಸರ ಸುಳ್ಳ ಹೇಳಿ ಹೋಗಾವರಿಗೆ ನನ್ನ ಕೈಯಾಗಿನ ಬುತ್ತಿ ಇಲ್ಲ. ನಿನಗೊಬ್ಬಗ ಅಲ್ಲ, ನಾಕೂ ಮಂದಿಗೆ.”

ಕೂತವರಲ್ಲಿ ಒಬ್ಬಿಬ್ಬರು ನಕ್ಕರು. ಬುತ್ತಿ ಇಲ್ಲದಿದ್ದರೆ ಅರಬರ ರೊಟ್ಟಿ ಖುಬೂಸು, ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತದೆ ಎಂದು ಯಾರೋ ಗೊಣಗಿದರು. ನೀಲವ್ವ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಕಟ್ಟಡದ ಕೆಳಗೆ ಬಿಳಿ ಬಸ್ಸು ಬಂದು ನಿಂತಿತು. ಉಳಿದ ಮೂವರೂ ಸಾಮಾನು ಏರಿಸಿ ಕೆಳಗೇ ಕಾಯುತ್ತಿದ್ದರು. ಶರಣು ಒಬ್ಬನೇ ಮೇಲೆ ಬಂದ. ಬಾಗಿಲು ತೆರೆದಿತ್ತು. ಅವನು ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ನಿಂತ. ನೀಲವ್ವ ನಡುಮನೆಯಲ್ಲಿ ಕಾಲು ಚಾಚಿ ಮೊರದಲ್ಲಿ ಕಡಲೆಬೇಳೆ ಹಸನು ಮಾಡುತ್ತಿದ್ದಳು. ಒಲೆ ತಣ್ಣಗಿತ್ತು.

“ಅಕ್ಕಾ, ಬಸ್ ಬಂದೈತಿ.”

“ಕೇಳಿಸ್ತು.”

“ಎರಡ ರೊಟ್ಟಿ ಕೊಡು. ಸಾಕು.”

“ಇಲ್ಲ.”

ಬಾಳಪ್ಪ ಡ್ಯೂಟಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದ. “ಏ, ಹೋಗಾವನ ಮುಂದ ಹಟಾ ಮಾಡಬ್ಯಾಡ. ಎರಡ ಕೊಟ್ಟ ಕಳಸು.”

“ನೀವ ಬಡದ ಕೊಡ್ರಿ. ಹಿಟ್ಟ ಅಲ್ಲೇ ಐತಿ.”

ಬಾಳಪ್ಪ ನಿಜವಾಗಿಯೂ ಬೂಟು ಬಿಚ್ಚಿಟ್ಟು ಒಳಗೆ ಹೋದ. ಹಿಟ್ಟಿಗೆ ತಣ್ಣೀರು ಸುರಿದ. ಜೋಳದ ಹಿಟ್ಟು ಕುದಿಯುವ ನೀರಿಲ್ಲದೆ ಜಿಗಿ ಬಿಡುವುದಿಲ್ಲ. ಬಡಿಯುವಷ್ಟರಲ್ಲಿ ರೊಟ್ಟಿ ಅವನ ಅಂಗೈಯಲ್ಲೇ ಮೂರು ತುಂಡಾಯಿತು. ಇನ್ನೊಂದು ಸಲ ನೋಡಿದ, ಅದೂ ಹಾಗೇ. ಹಿಟ್ಟು ಮೆತ್ತಿದ ಕೈಯಲ್ಲಿ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತವನನ್ನು ನೋಡಿ ಶರಣುವಿಗೆ ನಗು ಬರುವಂತಾಯಿತು. ನಗಲಿಲ್ಲ.

“ಸತ್ತಾವರಿಗೆ ಮಾಡಿದಂಗ ಮಾಡಾಕತ್ತೀಯಲ್ಲ ಅಕ್ಕಾ,” ಅಂದ.

“ಹೌದು,” ಅಂದಳು ನೀಲವ್ವ. ಮೊರದಿಂದ ಕಣ್ಣೆತ್ತಿ ಅವನನ್ನು ನೋಡಿಯೇ ಅಂದಳು. “ಸತ್ತಾವರಿಗೆ ಮಾಡಿದಂಗ ಮಾಡಾಕತ್ತೀನಿ. ಈಗ ನೀ ಯೋಚನಿ ಮಾಡು.”

ಕೆಳಗೆ ಹಾರ್ನು ಹೊಡೆದರು. ಶರಣು ಕದಲಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಲಕ್ಷ್ಮೀನರಸಿಂಹನೇ ಏದುಸಿರು ಬಿಡುತ್ತ ನಾಲ್ಕು ಮಹಡಿ ಹತ್ತಿ ಬಂದ.

“ಯಲ್ಲಾ, ಯಲ್ಲಾ! ನಡಿ, ನಡಿ! ಏನಿದು ನಾಟಕ? ಮೂರು ಜನ ಕೆಳಗೆ ಕಾಯ್ತಾವ್ರೆ. ಇವನು ಬಂದ್ರೇನೇ ಹತ್ತೋದು ಅಂತ ಇಬ್ರು ಮುಖ ಬಾಡಿಸ್ಕೊಂಡು ನಿಂತವ್ರೆ. ಅಮ್ಮಾವ್ರೇ, ಒಂದ್ ರೊಟ್ಟಿಗೋಸ್ಕರ ಬಸ್ ನಿಲ್ಲಿಸ್ತೀರಾ?”

“ಬಸ್ ನಾ ನಿಲ್ಲಿಸಿಲ್ರಿ. ನಾ ಇಲ್ಲೇ ಕುಂತೀನಿ.”

ಅವನ ಮುಖ ಬಿಗಿಯಿತು. “ನೋಡೀಮ್ಮಾ, ನಾನು ಒಳ್ಳೇ ಮಾತಲ್ಲೇ ಹೇಳ್ತೀನಿ. ನೀವು ಇರೋದು ಗಂಡನ ವೀಸಾದಲ್ಲಿ. ನಡೆಸ್ತಿರೋದು ಹೋಟ್ಲು. ಬಲದಿಯಾ ಮುನ್ಸಿಪಾಲ್ಟಿಗೆ ಒಂದು ಫೋನು ಹೋದ್ರೆ ಖಲಾಸ್. ನಿಮ್ಮೆಜಮಾನ್ರ ಇಕಾಮಾ ಪರ್ಮಿಟ್ಟಿಗೂ ತೊಂದರೆ.”

ಬಾಳಪ್ಪನ ಮುಖದ ಬಣ್ಣ ಹೋಯಿತು. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೆಂಡತಿಯನ್ನು ನೋಡಿದ. ನೀಲವ್ವ ಮೊರ ಕೆಳಗಿಟ್ಟಳು. ಎದ್ದು ಮೂಲೆಯಲ್ಲಿದ್ದ ಫೋನನ್ನು ವೈರಿನ ಸಮೇತ ಎಳೆದು ತಂದು ಅವನ ಕಾಲ ಬಳಿ ಇಟ್ಟಳು.

“ತಗೋರಿ, ಹಚ್ರಿ ಫೋನು. ಅವರೆಲ್ಲ ಬರಲಿ. ನನ್ನ ಒಲಿ ಎಲ್ಲೈತಿ ಅಂತ ನಾ ತೋರಸ್ತೀನಿ. ನಿಮ್ಮ ವರ್ಜಿನಿಯಾ ಎಲ್ಲೈತಿ ಅಂತ ನೀವು ತೋರಸ್ರಿ.”

ಲಕ್ಷ್ಮೀನರಸಿಂಹ ಫೋನು ಮುಟ್ಟಲಿಲ್ಲ. ಶರಣುವಿನ ತೋಳು ಹಿಡಿದು, “ಗಂಡಸೇನಪ್ಪಾ ನೀನು?” ಅಂದ.

ಶರಣು ತೋಳು ಬಿಡಿಸಿಕೊಂಡ. ಆಗ ಅವನಿಗೆ ಅಕ್ಕನ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಸಿಟ್ಟು ಆ ಮನುಷ್ಯನ ಮೇಲೂ ಇತ್ತು. ಆದರೆ ಬರಿಗೈಯಲ್ಲಿ ಆ ಮೆಟ್ಟಿಲು ಇಳಿಯುವುದು ಅವನಿಂದಾಗಲಿಲ್ಲ. ಅವನು ಹೊಸ್ತಿಲ ಹೊರಗೆ ಗೋಡೆಗೊರಗಿ ಕುಸಿದು ಕೂತ. ಏಜೆಂಟ್ ಬೈಯುತ್ತ ಇಳಿದು ಹೋದ. ಕೆಳಗೆ ವಿಜಾಪುರದವನೂ ಮುಧೋಳದವನೂ ತಮ್ಮ ಚೀಲಗಳನ್ನು ಬಸ್ಸಿನಿಂದ ಇಳಿಸಿಕೊಂಡರು. ಭೋಜ, “ನಮ್ಮ ಊರಲ್ಲಿ ಈ ಶಾಸ್ತ್ರ ಇಲ್ಲಪ್ಪ,” ಎಂದು ಒಂದು ಪರೋಟದ ಪೊಟ್ಟಣ ಹಿಡಿದು ಬಸ್ಸು ಹತ್ತಿದ.

ಲಕ್ಷ್ಮೀನರಸಿಂಹ ಆಡಿದ ಮಾತನ್ನು ಮಾಡಿಯೇ ತೀರಿಸಿದ. ಹದಿನೈದು ದಿನಗಳೊಳಗೆ ಬಲದಿಯಾದವರು ಬಂದರು. ದೊಡ್ಡ ಒಲೆ, ಸಿಲಿಂಡರು, ಕೊಪ್ಪರಿಗೆ ಎಲ್ಲ ಹೊರಗೆ ಹೋದವು. ಕಂಪನಿಯವರು ಬಾಳಪ್ಪನನ್ನು ಕರೆದು ಎಚ್ಚರಿಕೆ ಕೊಟ್ಟರು. ಅವನು ಎರಡು ದಿನ ಹೆಂಡತಿಯ ಜೊತೆ ಮಾತಾಡಲಿಲ್ಲ, ಮೂರನೆಯ ದಿನ ಚಹಾ ಕೇಳಿದ. ನೀಲವ್ವ ಕೈಕಟ್ಟಿ ಕೂರಲಿಲ್ಲ. ಸೈದುವಿನ ಹೆಂಡತಿ ಅಲೀಮಮ್ಮನ ಅಡಿಗೆಮನೆ ವಿಶಾಲವಾಗಿತ್ತು; ರೊಟ್ಟಿ ಅಲ್ಲಿ ಬಡಿದು, ಉಣ್ಣುವವರಿಗೆ ಅಲ್ಲೇ ಬಡಿಸತೊಡಗಿದಳು. ಖಾನಾವಳಿಯ ಲಿಂಗವಂತ ಗಂಡಸರಲ್ಲಿ ಇಬ್ಬರು, ಬ್ಯಾರಿಗಳ ಮನೆಯ ಒಲೆ ಹೆಂಗೆ ಆದೀತು ಎಂದು ರಾಗ ಎಳೆದರು. “ಆಗದಿದ್ರ ಖುಬೂಸ್ ತಿನ್ರಿ. ಅಂಗಡ್ಯಾಗ ಬೇಕಾದಷ್ಟು ಸಿಗತೈತಿ,” ಅಂದಳು. ಒಬ್ಬ ಹೋದ. ಇನ್ನೊಬ್ಬ ಒಂದು ವಾರ ಉಪವಾಸದ ಮುಖ ಹೊತ್ತು ತಿರುಗಿ, ಮರಳಿ ಬಂದ.

ಶರಣು ವರ್ಷದ ಮೇಲಾದರೂ ಅವಳ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಶುಕ್ರವಾರ ಬಂದು ತಲೆ ತಗ್ಗಿಸಿ ಉಂಡು ಹೋಗುತ್ತಿದ್ದ. ಅಂಥ ಒಂದು ಶುಕ್ರವಾರ ಭೋಜ ಬಂದ.

ಅವನಿಗೆ ಏನೂ ಆಗಿರಲಿಲ್ಲ. ಮೈ ತುಂಬಿಕೊಂಡಿದ್ದ. ತಲೆಯ ಮೇಲೆ ವರ್ಜಿನಿಯಾ ಎಂದು ಇಂಗ್ಲಿಷಿನಲ್ಲಿ ಹೊಲಿದ ಟೋಪಿ. ಅಲ್ಲಿಯ ಒಬ್ಬ ಸಿಪಾಯಿ ಕೊಟ್ಟದ್ದಂತೆ. ಆ ಸಿಪಾಯಿಯ ನಿಜವಾದ ಊರೇ ವರ್ಜಿನಿಯಾ. ಬೆಟ್ಟ, ಹೊಳೆ, ಅಪ್ಪನ ದನದ ಕೊಟ್ಟಿಗೆ ಎಂದೆಲ್ಲ ಫೋಟೋ ತೋರಿಸಿ ಅಳುತ್ತಿದ್ದನಂತೆ. ಅಲ್ಲಿಯ ಸಂಬಳದಿಂದ ಕಾರ್ಕಳದಲ್ಲಿ ಭೋಜನ ಮನೆಗೆ ಕಾಂಕ್ರೀಟಿನ ಸ್ಲ್ಯಾಬ್ ಹಾಕಿಸಿ ಆಗಿತ್ತು. ಒಂದು ರಾತ್ರಿ ಬೇಲಿಯಾಚೆ ರಾಕೆಟ್ ಬಿದ್ದದ್ದನ್ನೂ, ಇಡೀ ರಾತ್ರಿ ಸಿಮೆಂಟಿನ ಕೊಳವೆಯಲ್ಲಿ ಮಲಗಿದ್ದನ್ನೂ ನಗುತ್ತಲೇ ಹೇಳಿದ. ನೀಲವ್ವ ಅವನಿಗೆ ಮೂರು ರೊಟ್ಟಿ ಬಡಿಸಿದಳು.

ಭೋಜ ಹೋದ ಮೇಲೆ ಶರಣು ಎದ್ದ. ವರ್ಷದಿಂದ ಬಾಯಲ್ಲಿಟ್ಟುಕೊಂಡದ್ದನ್ನು ಉಗಿದ.

“ನೋಡಿದಿಲ್ಲೋ? ಎರಡ ಕೈ, ಎರಡ ಕಾಲು, ಎಲ್ಲಾ ನೆಟ್ಟಗದಾವ. ಹೋಗಿದ್ರ ನಾನೂ ಹಿಂಗ ಬರತಿದ್ದೆ.”

“ಬರತಿದ್ದಿ,” ನೀಲವ್ವ ಒಪ್ಪಿಕೊಂಡಳು.

“ಮತ್ತ?”

“ಮತ್ತೇನು? ನೀ ಹಿಂಗ ಬರತಿ ಅಂತ ಅವತ್ತ ಯಾರರ ಬರದ ಕೊಟ್ಟಿದ್ರೂ ನಾ ಬುತ್ತಿ ಕಟ್ಟತಿದ್ದಿಲ್ಲ. ಅವ ಬಂದಾನ, ಛಲೋ ಆತು. ಅದರಿಂದ ನನ್ನ ಮಾತ ಸುಳ್ಳ ಆಗಂಗಿಲ್ಲ. ಅವನ ಕೂಡ ಹೋದಾವರೊಳಗ ಎಷ್ಟ ಮಂದಿ ಬಂದಾರ ಅಂತ ಅವನ್ನ ಕೇಳಿದಿಯೇನು?”

“ಇಲ್ಲ.”

“ನಾನೂ ಕೇಳಲಿಲ್ಲ. ಉಣ್ಣಾಕ ಕುಂತಿದ್ದ.”

ಅಲೀಮಮ್ಮ ಒಳಗಿನಿಂದ ಹಿಟ್ಟು ಮುಗಿಯಿತು ಎಂದು ಕೂಗಿದಳು. ಶರಣು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಮುಂದಿನ ಶುಕ್ರವಾರ ಊಟಕ್ಕೆ ಬರಲಿಲ್ಲ. ನೀಲವ್ವ ಯಾರ ಕೈಯಲ್ಲೂ ಹೇಳಿ ಕಳಿಸಲಿಲ್ಲ. ಅದರ ಮುಂದಿನ ಶುಕ್ರವಾರ ಎಲ್ಲರಿಗಿಂತ ಮೊದಲು ಬಂದು ಕೂತು, ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಜಗಳ ತೆಗೆದ.